ಗೋಬರ್ ಗ್ಯಾಸಿನ ಬಳಗ

ತಾಂಡೂರು, ಗುರುವಾರ ರಾತ್ರಿ

ತಂಗೀ,

ಜಹೀರಾಬಾದ್, ನಾರಾಯಣಖೇಡ ಮುಗಿಸಿ ಸಂಜೆ ಇಲ್ಲಿಗೆ ಬಂದೆ. ಬೀದರ್ ದಾಟಿದರೂ ನಾಡು ಬಿಟ್ಟಂತೆ ಅನಿಸುವುದಿಲ್ಲ. ಅಂಗಡಿಯ ಬೋರ್ಡು ತೆಲುಗು, ಚೌಕಾಶಿ ಕನ್ನಡ, ಬೈಗುಳ ಉರ್ದು.

ಜ್ವಾಲಾಮುಖಿಯ ಕುದಿನೀರಲ್ಲಿ ಬದುಕುವ ಜೀವಿಗಳು ನಮ್ಮ ಕಡೆ ಇವೆಯೇ ಅಂತ ನಿನ್ನ ಒಂಬತ್ತನೆಯ ತರಗತಿಯ ಹುಡುಗ ಕೇಳಿದ್ದನಲ್ಲ, ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಜಹೀರಾಬಾದಿನ ಕೆಂಪು ಮುರಂ, ಅದರಡಿಯ ಕರಿಕಲ್ಲು ಎರಡೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಸಂತಾನ. ಡೆಕ್ಕನ್ ಟ್ರ್ಯಾಪ್ ಎಂಬ ಈ ಲಾವಾ ಹಾಸು ಈ ಕಡೆ ತೆಳುವಾಗುತ್ತ ಬಂದು, ತಾಂಡೂರಿನಲ್ಲಿ ಅದರ ಕೆಳಗಿದ್ದ ಸುಣ್ಣಕಲ್ಲು ಬಯಲಾಗುತ್ತದೆ. ನಮ್ಮ ಅಡುಗೆಮನೆಯ ಪರಸಿ ಇಂಥ ಪದರದ್ದೇ. ಲಾವಾಕ್ಕಿಂತ ಎಷ್ಟೋ ಹಳೆಯ ಕಡಲಿನ ತಳ. ಲಾವಾ ಆರಿ ಯಾವ ಕಾಲವಾಯಿತೋ. ಹುಡುಗ ಕೇಳಿದ ಬಿಸಿ ಬೇಡುವ ಜೀವಿಗಳಿಗೆ, ಅಂದರೆ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿಗೆ, ಈ ನೆಲದ ಮೇಲೆ ಏನೂ ಉಳಿದಿಲ್ಲ.

ಅವುಗಳ ಬಳಗ ಮಾತ್ರ ಇದೆ. ನಾರಾಯಣಖೇಡದಲ್ಲಿ ಉಳಿದ ಮನೆಯವರು ಗೋಬರ್ ಗ್ಯಾಸಿನ ಒಲೆಯ ಮೇಲೆ ಜೋಳದ ರೊಟ್ಟಿ ಬೇಯಿಸಿ ಕೊಟ್ಟರು. ಗುಂಡಿಯಲ್ಲಿ ಬ್ಯಾಕ್ಟೀರಿಯಾಗಳು ಸಗಣಿ ಕೊಳೆಸುತ್ತವೆ. ಅದರಿಂದ ಬರುವ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಅಸಿಟಿಕ್ ಆಮ್ಲವನ್ನು ಮಿಥೇನ್ ಮಾಡುವವು ಆರ್ಕಿಯಾ. ಎಮ್ಮೆಯ ಹೊಟ್ಟೆಯಲ್ಲೂ ಇಂಥವೇ ಇವೆ. ಗಾಳಿ ಸೋಕಿದರೆ ಅವಕ್ಕೆ ಆಗದು. ಆರ್ಕಿಯಾ ಬೇರೆಯೇ ಕುಲವೆಂದು 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿದ್ದು ಮಿಥೇನ್ ಮಾಡುವ ಇವುಗಳ ಆರ್‌ಎನ್‌ಎ ಹೋಲಿಸಿಯೇ. ಪುಸ್ತಕಗಳು ಮಾತ್ರ ಜ್ವಾಲಾಮುಖಿಯ ಚಿತ್ರವನ್ನೇ ಹಾಕುತ್ತವೆ, ಸಗಣಿ ಗುಂಡಿ ಚಂದ ಕಾಣುವುದಿಲ್ಲ ಅಂತಲೋ ಏನೋ.

ಬಿಸಿಯ ದಾಖಲೆಯೂ ಮಿಥೇನ್ ಮಾಡುವ ಇದೇ ಕಸುಬಿನವರದು. ಹಿಂದೂ ಮಹಾಸಾಗರದಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ ಕೈರೇ ಎಂಬ ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿಂದ ತಂದ ಮೆಥನೋಪೈರಸ್ ಕ್ಯಾಂಡ್ಲೆರಿಯನ್ನು ಜಪಾನಿನ ಕೆನ್ ತಕಾಯಿ ತಂಡ ಭಾರಿ ಒತ್ತಡದಲ್ಲಿ ಸಾಕಿತು. 122 ಡಿಗ್ರಿ ಸೆಲ್ಸಿಯಸ್‌ನಲ್ಲೂ ಅದು ಒಂದು ಎರಡಾಗುತ್ತ ಬೆಳೆಯಿತೆಂದು 2008ರಲ್ಲಿ ಪ್ರಕಟಿಸಿತು. ನಿನ್ನ ಕುಕ್ಕರಿನೊಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಆರ್ಕಿಯಾದ ಪೊರೆಯ ಕೊಬ್ಬಿಗೆ ಈಥರ್ ಕೊಂಡಿಗಳಿರುತ್ತವೆ, ನಮ್ಮ ಎಸ್ಟರ್ ಕೊಂಡಿಗಳಂತೆ ಬೇಗ ಕಳಚವು. ಆದರೆ ಗೋಬರ್ ಗ್ಯಾಸಿನ ಬಂಧುಗಳಿಗೂ ಅದೇ ಕೊಂಡಿ. ಹಾಗಾಗಿ ಗುಟ್ಟು ಅದೊಂದರಲ್ಲೇ ಇಲ್ಲ. ಪ್ರೋಟೀನುಗಳೂ ಬಿಸಿಗೆ ಒಗ್ಗಿರಬೇಕು.

ಹುಡುಗನಿಗೆ ಇನ್ನೊಂದು ಹೇಳು. ಇದೇ ಕರಿಕಲ್ಲು ಮಹಾರಾಷ್ಟ್ರದ ಕೊಯ್ನಾದಲ್ಲಿ ಒಂದು ಕಿಲೋಮೀಟರ್‌ನಷ್ಟು ದಪ್ಪಗಿದೆ. ಭೂಕಂಪದ ಅಧ್ಯಯನಕ್ಕೆ ಅಲ್ಲಿ ಕೊರೆದು ತೆಗೆದ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಜೊತೆಗೆ ಆರ್ಕಿಯಾದ ಗುರುತೂ ಸಿಕ್ಕಿತೆಂದು ಖರಗ್‌ಪುರದ ಐಐಟಿಯವರು 2018ರಲ್ಲಿ ಬರೆದಿದ್ದಾರೆ. ಮುಂದೆ ಓದುವ ಮನಸ್ಸಿದ್ದರೆ ಅಲ್ಲಿಂದ ಶುರು ಮಾಡಲಿ.

ನಾಳೆ ಸೇಡಂ ಮೇಲೆ ಹೊರಡುತ್ತೇನೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಬೇಳೆ ತಗೊಂಡಿದ್ದೇನೆ, ದರ ಅವ್ವನ ಮುಂದೆ ಹೇಳಬೇಡ.

ನಿನ್ನ ಅಣ್ಣ