ಎರವಲು ಪೋನಿಗೊಂದು ಪಾಲಿಸಿ

ಇಂಗ್ಲೆಂಡಿನ ದಕ್ಷಿಣದಲ್ಲಿ, ಸೌತಾಂಪ್ಟನ್‌ನಿಂದ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಬ್ರಾಕನ್‌ಹರ್ಸ್ಟ್ ಅನ್ನೋ ಊರು ಸಿಗುತ್ತೆ. ಅಲ್ಲಿ ರಸ್ತೆ ಮಧ್ಯೆ ಕುದುರೆ ನಿಂತಿರೋದು ಮಾಮೂಲು. ಹಗ್ಗ ಇಲ್ಲ, ಸವಾರ ಇಲ್ಲ. ಹಿಂದೆ ಕಾರುಗಳು ಸಾಲಾಗಿ ಕಾಯ್ತಿರುತ್ತವೆ. ಬೆಂಗಳೂರಿನ ರಸ್ತೇಲಿ ಹಸು ಮಲಗಿರೋದು ನೋಡಿ ಬೆಳೆದವರಿಗೆ ಇದೇನು ಹೊಸದಲ್ಲ. ಯಾರೂ ಹಾರ್ನ್ ಹೊಡೆಯಲ್ಲ ಅನ್ನೋದು ಮಾತ್ರ ಹೊಸದು.

ಇದು ನ್ಯೂ ಫಾರೆಸ್ಟ್. ಹೆಸರು ‘ಹೊಸ ಕಾಡು’, ವಯಸ್ಸು 900 ದಾಟಿದೆ. 1079ರ ಸುಮಾರಿಗೆ ದೊರೆ ಒಂದನೇ ವಿಲಿಯಂ ತನ್ನ ಬೇಟೆಗೆ ಅಂತ ಮೀಸಲಿಟ್ಟ ಜಾಗ. 2005ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು. ಕಾಡು ಅಂದರೂ ಮರಗಳ ನಡುವೆ ದೊಡ್ಡ ದೊಡ್ಡ ಬಯಲುಗಳಿವೆ. ಆಗಸ್ಟ್‌ನಲ್ಲಿ ಹೆದರ್ ಗಿಡ ಹೂ ಬಿಟ್ಟು ಬಯಲಿಗೆ ಬಯಲೇ ನೇರಳೆ ಬಣ್ಣಕ್ಕೆ ತಿರುಗುತ್ತೆ. ಅಲ್ಲಿ ಮೇಯೋ ಸಾವಿರಾರು ಪೋನಿಗಳು ಕಾಡು ಪ್ರಾಣಿಗಳಲ್ಲ, ಪ್ರತಿಯೊಂದಕ್ಕೂ ಮಾಲೀಕರಿದ್ದಾರೆ. ನಮ್ಮ ಗೋಮಾಳದ ಥರಾನೇ, ಇಲ್ಲಿ ಮೇಯಿಸೋ ಹಕ್ಕಿರುವವರನ್ನ ‘ಕಾಮನರ್ಸ್’ ಅಂತಾರೆ. ಅವರು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದ ಮೇಲೆ ‘ಅಜಿಸ್ಟರ್’ ಎಂಬ ಮೇಲ್ವಿಚಾರಕರು ಪೋನಿಯ ಬಾಲದ ಕೂದಲನ್ನ ಒಂದು ನಮೂನೆಯಲ್ಲಿ ಕತ್ತರಿಸ್ತಾರೆ. ಬಾಲವೇ ರಸೀದಿ!

ಹೋದ ಬೇಸಿಗೆಯಲ್ಲಿ ಈ ಊರಿನಲ್ಲಿ ನಾಲ್ಕು ವಾರ ಇರೋ ಅವಕಾಶ ನಮಗೆ ಸಿಕ್ಕಿತು. ನನ್ನ ಹೆಂಡತಿ ಎರಡು ವರ್ಷದಿಂದ ಕುದುರೆ ಸವಾರಿ ಕಲಿತಿದ್ದಾಳೆ. ಅವಳ ಸಹೋದ್ಯೋಗಿಯೊಬ್ಬರು ಮಗಳನ್ನ ನೋಡೋಕೆ ನ್ಯೂಜಿಲೆಂಡ್‌ಗೆ ಹೊರಟಿದ್ದರು. ‘ಮನೇಲಿರಿ, ಬೆಕ್ಕಿಗೆ ಊಟ ಹಾಕಿ, ಬಿಸ್ಕಿಟ್‌ನ ನೋಡ್ಕೊಳ್ಳಿ, ಸವಾರಿ ಮಾಡಿ’ ಅಂದರು. ಬಿಸ್ಕಿಟ್ ಅಂದರೆ ಅವರ ಹದಿನೆಂಟು ವರ್ಷದ ನ್ಯೂ ಫಾರೆಸ್ಟ್ ಪೋನಿ. ಈ ತಳಿಯ ಗರಿಷ್ಠ ಎತ್ತರ 148 ಸೆಂಟಿಮೀಟರ್. ನೋಡೋಕೆ ಚಿಕ್ಕದಾದರೂ ದೊಡ್ಡವರನ್ನ ಹೊರುವಷ್ಟು ಗಟ್ಟಿ. ಇದು ಬಯಲಲ್ಲಿ ಮೇಯೋದಲ್ಲ, ಮನೆ ಹಿಂದಿನ ಬೇಲಿ ಹಾಕಿದ ಹುಲ್ಲುಗಾವಲಿನಲ್ಲಿ ಇರೋದು.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಅಂತ ನಮ್ಮಲ್ಲಿ ಗಾದೆ ಇದೆ. ಎರವಲು ಕುದುರೆ ವಿಷಯದಲ್ಲಿ ಮಾತ್ರ ಮೊಳ ಹಾಕಲೇಬೇಕು ಅಂತ ನಮಗೆ ಹೇಳಿದ್ದು ಆ ಮಾಲೀಕರೇ. ಮೊದಲು ಕೈಗಿಟ್ಟದ್ದು ಬಿಸ್ಕಿಟ್‌ನ ಪಾಸ್‌ಪೋರ್ಟ್. ಬ್ರಿಟನ್ನಿನಲ್ಲಿ ಪ್ರತಿ ಕುದುರೆಗೂ ಅದು ಕಡ್ಡಾಯ, ನೋಡಿಕೊಳ್ಳೋರ ಬಳಿ ಇರಬೇಕು. 2020ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಮೈಕ್ರೋಚಿಪ್ ಕೂಡ ಕಡ್ಡಾಯ. ಫೋನಲ್ಲಿ ಹೇಳಿದಾಗ ಅಮ್ಮ ನಕ್ಕರು: “ಕುದುರೆಗೂ ಪಾಸ್‌ಪೋರ್ಟಾ? ನಿಮ್ಮಪ್ಪಂಗೇ ಇನ್ನೂ ಆಗಿಲ್ವಲ್ಲೋ!”

ಇನ್ನು ಇನ್ಶೂರೆನ್ಸ್. ನಮ್ಮೂರ ಕಡೆ ಉಳುಮೆಗೆ ಪಕ್ಕದ ಮನೆಯ ಎತ್ತು ತರುತ್ತಿದ್ದರು, ಅದಕ್ಕೆ ಬದಲು ಮುಯ್ಯಿ ತೀರಿಸುತ್ತಿದ್ದರು. ಕಾಗದ ಪತ್ರ ಏನೂ ಇರಲಿಲ್ಲ. ಇಲ್ಲಿ ಯಾಕೆ ಬೇಕು ಅನ್ನೋದಕ್ಕೆ ಉತ್ತರ 1971ರ ಅನಿಮಲ್ಸ್ ಆ್ಯಕ್ಟ್‌ನಲ್ಲಿದೆ. ಪ್ರಾಣಿ ಯಾರ ವಶದಲ್ಲಿದೆಯೋ ಅವರನ್ನೂ ಕಾನೂನು ‘ಕೀಪರ್’ ಅನ್ನುತ್ತೆ. ಕೆಲವು ಸಂದರ್ಭಗಳಲ್ಲಿ ತಪ್ಪು ಇಲ್ಲದಿದ್ದರೂ ಪರಿಹಾರ ಕೊಡಬೇಕಾಗುತ್ತೆ. ಡೆವನ್‌ನಲ್ಲಿ ಏನಕ್ಕೋ ಬೆದರಿದ ಕುದುರೆಗಳು ಬೇಲಿ ಮುರಿದು ಹೆದ್ದಾರಿಗೆ ಓಡಿ, ಕಾರಿಗೆ ಡಿಕ್ಕಿಯಾಗಿ ಚಾಲಕನಿಗೆ ತೀವ್ರ ಗಾಯವಾಗಿತ್ತು. ಬೇಲಿ ಸರಿಯಾಗೇ ಇತ್ತು, ಮಾಲೀಕರ ನಿರ್ಲಕ್ಷ್ಯ ಇರಲಿಲ್ಲ. ಆದರೂ 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರೇ ಹೊಣೆ ಅಂತ ತೀರ್ಪು ಕೊಟ್ಟಿತು. ಮಿರ್ವಾಹೆಡಿ ಮತ್ತು ಹೆನ್ಲಿ ಪ್ರಕರಣ ಅಂತ ಕುದುರೆ ಸಾಕುವವರ ನಡುವೆ ಇದು ಹೆಸರುವಾಸಿ. ನಾವಿದ್ದ ಮನೆ ಪಕ್ಕದಲ್ಲೇ ರಸ್ತೆ.

ಹುಡುಕಿದಾಗ ಗೊತ್ತಾಗಿದ್ದು, ಇದು ಒಂದು ಇನ್ಶೂರೆನ್ಸ್ ಅಲ್ಲ, ಮೂರು. ಕುದುರೆಯಿಂದ ಬೇರೆಯವರಿಗೆ ಆಗೋ ಹಾನಿಗೆ ಒಂದು, ಸವಾರರಿಗೆ ಪೆಟ್ಟಾದರೆ ಇನ್ನೊಂದು, ಕುದುರೆಯ ಚಿಕಿತ್ಸೆ, ಸಾವು, ಕಳವಿಗೆ ಮತ್ತೊಂದು. ಮೊದಲೆರಡು ಸುಲಭ. ಬ್ರಿಟಿಷ್ ಹಾರ್ಸ್ ಸೊಸೈಟಿಯ ಗೋಲ್ಡ್ ಸದಸ್ಯತ್ವ ತಗೊಂಡರೆ ಥರ್ಡ್ ಪಾರ್ಟಿ ಮತ್ತು ವೈಯಕ್ತಿಕ ಅಪಘಾತದ ರಕ್ಷಣೆ ಎರಡೂ ಜೊತೆಗೇ ಬರುತ್ತೆ, ಕುದುರೆ ಸ್ವಂತದ್ದೇ ಆಗಿರಬೇಕಿಲ್ಲ. ಹೆಂಡತಿ ಅವತ್ತೇ ಸೇರಿದಳು.

ಮೂರನೆಯದೇ ಕಷ್ಟ. ಅಲ್ಪಾವಧಿ ಪಾಲಿಸಿ ಕೊಡೋ ಒಂದು ಕಂಪನಿಗೆ ಫೋನ್ ಮಾಡಿದೆ. “ಪೋನಿ ನಿಮ್ಮದಾ?” ಅಂದರು. ಅಲ್ಲ ಅಂದೆ. “ಹಾಗಾದ್ರೆ ಅದು ಸತ್ತರೆ ನಷ್ಟ ಯಾರಿಗೆ?” ಕೇಳೋಕೆ ಒರಟಾದರೂ ಸರಿಯಾದ ಪ್ರಶ್ನೆ. ಪೋನಿಯ ಬೆಲೆಗೆ ವಿಮೆ ಮಾಡಿಸಬೇಕಾದವರು ಮಾಲೀಕರು, ನಾವಲ್ಲ. ಇನ್ನೊಂದು ಸೂಕ್ಷ್ಮ ಇತ್ತು: ಹೊಸ ಪಾಲಿಸಿ ತಗೊಂಡರೆ ಅಪಘಾತಕ್ಕೆ ಬೇಗ ಕವರ್ ಸಿಗುತ್ತೆ, ಕಾಯಿಲೆಗೆ ಮಾತ್ರ ಸಾಮಾನ್ಯವಾಗಿ ಮೊದಲ 14 ದಿನ ಕವರ್ ಇರಲ್ಲ. ನಮ್ಮದು 28 ದಿನದ ಲೆಕ್ಕ. ಅರ್ಧ ಅವಧಿ ಹಾಗೇ ಹೋಗುತ್ತೆ. ಹಳೇ ಕಾಯಿಲೆಗಳಂತೂ ಮೊದಲೇ ಹೊರಗೆ.

ಕೊನೆಗೆ ಮಾಲೀಕರು ತಮ್ಮ ವಾರ್ಷಿಕ ಪಾಲಿಸಿಯನ್ನೇ ಮುಂದುವರಿಸಿ, ‘ಇಷ್ಟು ದಿನ ಪೋನಿ ಇವರ ಜವಾಬ್ದಾರಿಯಲ್ಲಿರುತ್ತೆ’ ಅಂತ ಕಂಪನಿಗೆ ಬರೆದು, ಒಪ್ಪಿಗೆಯ ಇಮೇಲ್ ತರಿಸಿಕೊಟ್ಟರು. ಜೊತೆಗೆ ಒಂದು ಹಾಳೆಯ ಒಪ್ಪಂದ. ಯಾರು ಸವಾರಿ ಮಾಡಬಹುದು, ಯಾವ ಡಾಕ್ಟರ್, ಎಕ್ಸೆಸ್ ಮೊತ್ತ ಯಾರು ಕಟ್ಟೋದು, ಮಾಲೀಕರು ಫೋನಿಗೆ ಸಿಗದಿದ್ದರೆ ಯಾರು ತೀರ್ಮಾನ ಮಾಡೋದು ಎಲ್ಲಾ ಅದರಲ್ಲಿತ್ತು. ಕೊನೆಯ ಸಾಲು ಅವರೇ ಕೈಯಲ್ಲಿ ಬರೆದರು: ಹೊಟ್ಟೆ ಆಪರೇಷನ್ ಬೇಡ, ನರಳುವ ಸ್ಥಿತಿ ಬಂದರೆ ಡಾಕ್ಟರ್ ಹೇಳಿದಂತೆ ಕಳಿಸಿಕೊಡಿ.

ಒಂಬತ್ತನೇ ದಿನ ಸಂಜೆ ಬಿಸ್ಕಿಟ್ ಹುಲ್ಲು ಮುಟ್ಟಲಿಲ್ಲ. ಕಾಲಿನಿಂದ ನೆಲ ಕೆರೀತಾ, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡ್ಕೊಳ್ತಾ, ಮಲಗಿ ಹೊರಳೋಕೆ ಶುರು ಮಾಡ್ತು. ಕೋಲಿಕ್, ಅಂದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಹಾಗಾಗಿ ಮೂಗಿನಿಂದ ಟ್ಯೂಬ್ ಹಾಕಿ ಹೊಟ್ಟೆ ನೋಡ್ತಾರೆ. ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟು ನಮ್ಮ ಕಡೆ ತಿರುಗಿದರು. “ಇದಕ್ಕೆ ಬಗ್ಗದಿದ್ದರೆ ಆಪರೇಷನ್ನಿಗೆ ಕಳಿಸ್ತೀರಾ? ಈಗಲೇ ಗೊತ್ತಿದ್ದರೆ ಒಳ್ಳೇದು.” ಮಾಲೀಕರ ಫೋನ್ ಸ್ವಿಚ್ ಆಫ್, ಮಗಳ ಜೊತೆ ಎಲ್ಲೋ ಬೆಟ್ಟದಲ್ಲಿದ್ದರು. ಹೆಂಡತಿ ಮಾತಾಡದೆ ಒಳಗೆ ಹೋಗಿ ಆ ಹಾಳೆ ತಂದು ಕೊಟ್ಟಳು. ಡಾಕ್ಟರ್ ಓದಿ ತಲೆ ಆಡಿಸಿದರು.

ಆ ಸಾಲು ಇಲ್ಲದಿದ್ದರೆ, ಬೇರೊಬ್ಬರು ಹದಿನೆಂಟು ವರ್ಷ ಸಾಕಿದ ಜೀವದ ತೀರ್ಮಾನ ನಾವಿಬ್ಬರು ಟಾರ್ಚ್ ಬೆಳಕಲ್ಲಿ ಮಾಡಬೇಕಿತ್ತು. ಸಾವಿರಾರು ಪೌಂಡ್ ಆಪರೇಷನ್ನಿಗೆ ಹ್ಞೂಂ ಅಂದರೂ ಕಷ್ಟ, ಊಹ್ಞೂಂ ಅಂದರೂ ಕಷ್ಟ. ಅದೃಷ್ಟಕ್ಕೆ ಅಷ್ಟು ದೂರ ಹೋಗಲಿಲ್ಲ. ಬೆಳಗಿನ ಜಾವ ಎರಡು ಗಂಟೆಗೆ ಬಿಸ್ಕಿಟ್ ಲದ್ದಿ ಹಾಕಿತು. ಲದ್ದಿ ನೋಡಿ ನಾವಿಬ್ಬರೂ ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೇ ಮೊದಲು! ಬಿಲ್ಲಿನಲ್ಲಿ ಎಕ್ಸೆಸ್ ಮಾತ್ರ ನಾವು ಕಟ್ಟಿದೆವು, ಉಳಿದದ್ದು ಮಾಲೀಕರ ಪಾಲಿಸಿಯಿಂದ ಬಂತು.

ಮುಂದಿನ ವಾರ ಹೆಂಡತಿ ಬಿಸ್ಕಿಟ್ ಮೇಲೆ, ನಾನು ಬಾಡಿಗೆ ಸೈಕಲ್ ಮೇಲೆ, ನೇರಳೆ ಬಯಲಿನ ನಡುವೆ ನಿಧಾನವಾಗಿ ಸುತ್ತಾಡಿದೆವು. ಮೇಯ್ತಿದ್ದ ಪೋನಿಗಳು ತಲೆ ಎತ್ತಿ ಬಿಸ್ಕಿಟ್‌ನ ನೋಡಿದವು, ನನ್ನನ್ನಲ್ಲ.

ನೀವೂ ಆ ಕಡೆ ಹೋದರೆ ಆಗಸ್ಟ್ ಒಳ್ಳೇ ಕಾಲ. ಕಾರಲ್ಲಿದ್ದರೆ ಕಾಡಿನ ರಸ್ತೆಗಳಲ್ಲಿ ಗಂಟೆಗೆ 40 ಮೈಲಿ ಮಿತಿ ನೆನಪಿರಲಿ. ರಾತ್ರಿ ಇನ್ನೂ ನಿಧಾನ, ಪೋನಿಗಳು ಕತ್ತಲಲ್ಲೂ ರಸ್ತೆಗೆ ಬರುತ್ತವೆ. ಸವಾರರು ಎದುರಾದರೆ, 2022ರಲ್ಲಿ ಬದಲಾದ ಹೈವೇ ಕೋಡ್ ಪ್ರಕಾರ, 10 ಮೈಲಿ ವೇಗಕ್ಕಿಳಿದು ಕನಿಷ್ಠ 2 ಮೀಟರ್ ಅಂತರ ಬಿಟ್ಟು ದಾಟಬೇಕು. ಮೇಯೋ ಪೋನಿಗಳಿಗೆ ಬ್ರೆಡ್ಡು, ಕ್ಯಾರೆಟ್ ಕೊಡಬೇಡಿ, 2023ರಿಂದ ಅದಕ್ಕೆ ದಂಡ ಇದೆ. ಕೋಲಿಕ್ ಬರೋದಕ್ಕೆ ಅಂಥ ತಿಂಡಿಯೂ ಒಂದು ಕಾರಣ.