ಬ್ಲೌಸ್ ಪೀಸಿನ ಪಾರಿಜಾತ

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಕಡೆ ಯಾರ ಮನೆಯ ಬೀರು ತೆಗೆದರೂ ಒಂದು ಅರೆಯಲ್ಲಿ ಬ್ಲೌಸ್ ಪೀಸುಗಳ ಕಟ್ಟು ಇದ್ದೇ ಇರುತ್ತದೆ. ಗೌರಿ ಹಬ್ಬದ ಬಾಗಿನದ್ದು, ವರಮಹಾಲಕ್ಷ್ಮಿ ವ್ರತದ್ದು, ಕೆಂಗೇರಿಯಲ್ಲಿ ನಾದಿನಿಯ ಗೃಹಪ್ರವೇಶದ್ದು, ಪಕ್ಕದ ಮನೆಯವರ ಮಗಳ ಸೀಮಂತದ್ದು. ಎಲೆ ಅಡಿಕೆ, ತೆಂಗಿನಕಾಯಿ ಜೊತೆ ಬಂದ ಆ ಬಟ್ಟೆಗಳು ಒಪ್ಪುವ ಸೀರೆಗೆ ಕಾಯುತ್ತಾ ಕೂತಿರುತ್ತವೆ. ಕೆಲವು ಇನ್ನೊಬ್ಬರ ತಾಂಬೂಲಕ್ಕೆ ಹೊರಟು, ಒಂದೆರಡು ಬೀದಿ ಸುತ್ತಿ, ಮತ್ತೊಂದು ಹಬ್ಬಕ್ಕೆ ಇದೇ ಮನೆಗೆ ವಾಪಸು ಬರುವುದೂ ಉಂಟು. ನನ್ನ ಕೈಗೆ ಬಂದವು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅವುಗಳಿಂದ ನಾನು ಎಲೆ, ಹೂವು, ಹಕ್ಕಿ ಕತ್ತರಿಸಿ ಕುಷನ್ ಕವರಿನ ಮೇಲೆ ಕೂರಿಸಿ ಹೊಲಿಯುತ್ತೇನೆ.

ಅಪ್ಲಿಕ್ ಎನ್ನುವುದು ಇಷ್ಟೇ: ಒಂದು ಬಟ್ಟೆಯ ಮೇಲೆ ಇನ್ನೊಂದು ಬಟ್ಟೆಯ ಆಕಾರ ಇಟ್ಟು ಅದರ ಅಂಚನ್ನು ಹೊಲಿದು ಭದ್ರ ಮಾಡುವುದು. ಇಷ್ಟು ಸರಳವಾಗಿರುವುದರಿಂದಲೇ ಲೋಕದ ಎಲ್ಲ ಮೂಲೆಯಲ್ಲೂ ಇದು ಹುಟ್ಟಿದೆ. ಒಡಿಶಾದ ಪಿಪಿಲಿಯವರು ಜಗನ್ನಾಥನ ರಥಕ್ಕೆ ಇದರಲ್ಲೇ ಮೇಲ್ಕಟ್ಟು ಮಾಡುತ್ತಾರೆ, ಕೈರೋದಲ್ಲಿ ಡೇರೆ ಹೊಲಿಯುವವರ ಬೀದಿಯೇ ಇದೆ. ನಮ್ಮಲ್ಲಿ ಉತ್ತರ ಕರ್ನಾಟಕದ ಕೌದಿ ಇದೆ, ಹಬ್ಬದ ದಿನ ಎತ್ತಿನ ಬೆನ್ನಿಗೆ ಹೊದಿಸುವ ಝೂಲಾ ಇದೆ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕವಂದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ, ಆಫ್ರಿಕಾದಿಂದ ಬಂದ ಹಿರಿಯರ ವಂಶದವರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಹೊದಿಕೆ ಅದು. ಅವರು ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಪುಟ್ಟ ಚೌಕವೊಂದನ್ನು ಪದರ ಪದರವಾಗಿ ಕೂರಿಸುತ್ತಾರೆ. ಅದರ ಹೆಸರು ಫೂಲ. ಮೂಲೆಯಲ್ಲಿ ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಬಡತನದಲ್ಲಿ ಚಳಿಗೆಂದು ಹೊಲಿದ ಹೊದಿಕೆಗೂ ಮೂಲೆಯ ಹೂವನ್ನು ಬಿಟ್ಟುಕೊಡದ ಆ ಕೈಗಳ ಮೇಲೆ ನನಗೆ ತುಂಬ ಗೌರವ. ನಾನು ಹೊಲಿಯುವ ಕುಷನ್ನಿನ ಮೂಲೆಗೂ ಅವರಿಂದ ಕಲಿತ ಅಂಥದೊಂದು ಮಡಿಕೆ ಹಾಕುತ್ತೇನೆ.

ನಾನು ಹೊಲಿಯುವುದು ಮಾತ್ರ ಮಿಷನ್ನಿನಲ್ಲಿ. ಮಿಷನ್ ಬಂತೆಂದರೆ ಕೈಕೆಲಸ ಹೋಯಿತು ಎನ್ನುವವರಿದ್ದಾರೆ. ಯಂತ್ರಗಳನ್ನು ಅಷ್ಟು ಸುಲಭಕ್ಕೆ ಒಪ್ಪದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಹೆಂಡತಿ ಸೂಜಿ ಹಿಡಿದು ಕಷ್ಟಪಡುವುದನ್ನು ನೋಡಲಾರದ ಗಂಡನ ಪ್ರೀತಿಯಿಂದ ಹುಟ್ಟಿದ ಯಂತ್ರ ಅದು ಎನ್ನುವುದು ಅವರ ಮಾತಿನ ಸಾರ. ನನ್ನ ಬಳಿ ಇರುವುದು ಅಮ್ಮನ ಕಾಲ್ತುಳಿತದ ಉಷಾ. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಆ ಕಂಪನಿಯ ಕಪ್ಪು ಮಿಷನ್ನು ನಮ್ಮ ಕಡೆ ಎಷ್ಟೋ ಮನೆಗಳ ನಡುಮನೆಯಲ್ಲಿ ಕಿಟಕಿ ಪಕ್ಕದ ಜಾಗ ಹಿಡಿದಿತ್ತು. ಅದು ನೇರ ಹೊಲಿಗೆ ಬಿಟ್ಟು ಬೇರೇನೂ ಹಾಕುವುದಿಲ್ಲ. ಆದರೆ ಬಟ್ಟೆ ಒತ್ತುವ ಕಾಲನ್ನು ಬಿಚ್ಚಿ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಮೇಲೆ ತಗಡು ಮುಚ್ಚಿಬಿಟ್ಟರೆ ಅದೇ ಮಿಷನ್ನು ಲೇಖನಿಯಾಗುತ್ತದೆ. ಸೂಜಿ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತಿರುತ್ತದೆ; ರಿಂಗಿನಲ್ಲಿ ಬಿಗಿದ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬೇಕಾದ ಕಡೆ ಓಡಿಸಬೇಕು. ಕಾಲಿನ ಲಯ ಒಂದು, ಕೈಯ ಲಯ ಇನ್ನೊಂದು. ಕಾಲು ಜೋರಾಗಿ ಕೈ ನಿಧಾನವಾದರೆ ನೂಲು ಒಂದೇ ಕಡೆ ಗುಡ್ಡೆ ಬೀಳುತ್ತದೆ, ಕೈ ಅವಸರ ಮಾಡಿದರೆ ಹೊಲಿಗೆ ಬಿಡಿಬಿಡಿಯಾಗುತ್ತದೆ. ಇವೆರಡೂ ಹೊಂದಿಕೊಂಡ ಮೇಲೆ ಬಳ್ಳಿಯೊಂದು ಸೂಜಿಯ ಕೆಳಗಿಂದ ತಾನೇ ಹರಿದು ಬರುವುದನ್ನು ನೋಡುವ ಸುಖವನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ.

ಇಲ್ಲಿ ರಿಂಗು ಹಾಕುವ ಕ್ರಮವೂ ಕೈಕಸೂತಿಗೆ ತಿರುಗುಮುರುಗು. ದೊಡ್ಡ ರಿಂಗು ಕೆಳಗೆ, ಅದರ ಮೇಲೆ ಬಟ್ಟೆಯ ಒಳ್ಳೆ ಮುಖ, ಆಮೇಲೆ ಚಿಕ್ಕ ರಿಂಗನ್ನು ಒಳಗೆ ಒತ್ತಬೇಕು. ಆಗ ಬಟ್ಟೆ ಮಿಷನ್ನಿನ ಹಲಗೆಗೆ ತಾಗಿಕೊಂಡೇ ಜಾರುತ್ತದೆ. ಒಳರಿಂಗಿಗೆ ಹತ್ತಿಯ ಪಟ್ಟಿ ಸುತ್ತಿಟ್ಟರೆ ಬಟ್ಟೆ ಸಡಿಲವಾಗುವುದಿಲ್ಲ.

ಈ ಸಲ ಹೊಲಿದದ್ದು ಪಾರಿಜಾತ. ನಮ್ಮ ಬೀದಿಯಲ್ಲಿ ಎರಡು ಕಾಂಪೌಂಡಿಗೊಂದು ಪಾರಿಜಾತದ ಗಿಡವಿದೆ. ಮಳೆಗಾಲದ ಕೊನೆಯಲ್ಲಿ ಸಂಜೆ ಅರಳಿ, ಬೆಳಗಾಗುವುದರೊಳಗೆ ನೆಲಕ್ಕೆ ಬೀಳುತ್ತದೆ. ಗಿಡ ಒಬ್ಬರದು, ಹೂ ಬೀಳುವುದು ಇನ್ನೊಬ್ಬರ ಅಂಗಳದಲ್ಲಿ; ಸತ್ಯಭಾಮೆ ರುಕ್ಮಿಣಿಯರ ಕಥೆ ವಿಜಯನಗರದಲ್ಲಿ ವರ್ಷವರ್ಷವೂ ನಡೆಯುತ್ತದೆ. ಬಿಳಿ ಎಸಳು, ನಡುವೂ ತೊಟ್ಟೂ ಕಿತ್ತಳೆ. ಆ ತೊಟ್ಟಿನಿಂದ ಹಿಂದೆ ರೇಷ್ಮೆಗೆ ಬಣ್ಣ ಕಟ್ಟುತ್ತಿದ್ದರು. ಅಪ್ಲಿಕ್ ಮಾಡುವವರಿಗೆ ಈ ಹೂವು ದೊಡ್ಡ ಪರೀಕ್ಷೆ. ಎಸಳುಗಳು ಗಿರಗಟ್ಟಲೆಯಂತೆ ಒಂದೇ ಕಡೆ ತಿರುಚಿಕೊಂಡಿರುತ್ತವೆ, ಪ್ರತಿ ಎಸಳಿನ ತುದಿಯೂ ನಡುವೆ ಸೀಳಿರುತ್ತದೆ.

ತಳಕ್ಕೆ ಕಡುಹಸಿರು ಖಾದಿ. ಖಾದಿಯನ್ನು ಮೊದಲೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಟ್ಟುಕೊಳ್ಳಬೇಕು. ಇಲ್ಲವಾದರೆ ಮುಂದೆ ಮೊದಲ ಒಗೆತಕ್ಕೆ ತಳ ಕುಗ್ಗಿ ಹೂವೆಲ್ಲ ಉಬ್ಬಿ ನಿಲ್ಲುತ್ತದೆ. ಹದಿನಾರು ಇಂಚಿನ ಕುಷನ್ನಿಗೆ ಹದಿನೇಳು ಇಂಚಿನ ಚೌಕ. ನಕ್ಷೆ ಇಳಿಸುವ ಹಳೆಯ ರೀತಿ ನನಗೆ ಈಗಲೂ ಇಷ್ಟ. ಬಟರ್ ಪೇಪರಿನಲ್ಲಿ ಹೂವು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಬೇಕು. ಕಾಗದವನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಜಿಂಕ್ ಪುಡಿಯನ್ನು ಹತ್ತಿ ಉಂಡೆಯಿಂದ ಒರೆಸಿದರೆ ತೂತುಗಳ ಮೂಲಕ ಹೂವು ಚುಕ್ಕಿಚುಕ್ಕಿಯಾಗಿ ಕೆಳಗೆ ಇಳಿಯುತ್ತದೆ. ತಿಳಿ ಬಣ್ಣದ ಬಟ್ಟೆಗಾದರೆ ಜಿಂಕಿನ ಬದಲು ನೀಲಿ. ಸೀಮೆಎಣ್ಣೆ ಆರಿಹೋಗುತ್ತದೆ, ಚುಕ್ಕಿ ಉಳಿಯುತ್ತದೆ, ಹೊಲಿದಾದ ಮೇಲೆ ಕೊಡವಿದರೆ ಅದೂ ಹೋಗುತ್ತದೆ. ಒಂದು ಕಾಗದ ಚುಚ್ಚಿಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಅಮ್ಮ ಚುಚ್ಚಿದ ನವಿಲಿನ ಕಾಗದ ಇನ್ನೂ ನನ್ನ ಬಳಿ ಇದೆ, ಅದರಲ್ಲಿ ಈಗಲೂ ನವಿಲು ಇಳಿಯುತ್ತದೆ.

ಎಸಳುಗಳಿಗೆ ಬಿಳಿಯಲ್ಲೇ ಮೂರು ಬ್ಲೌಸ್ ಪೀಸು. ಒಂದು ಬರೀ ಬಿಳಿ, ಒಂದು ಕೆನೆ ಬಣ್ಣ, ಒಂದು ಗುಳೇದಗುಡ್ಡದ ಖಣ, ಸಣ್ಣ ಸಣ್ಣ ಬುಟ್ಟಾ ನೇಯ್ದದ್ದು. ಒಂದೇ ಬಿಳಿ ಹಾಕಿದರೆ ಹೂವು ಕಾಗದದ್ದೆನಿಸುತ್ತದೆ. ಮೂರನ್ನು ಬೆರೆಸಿದರೆ ಬೆಳಕು ಒಂದು ಕಡೆಯಿಂದ ಬಿದ್ದಂತೆ ಕಾಣುತ್ತದೆ. ಖಣದ ಅಂಚು ಬೇಗ ಎಳೆ ಬಿಡುತ್ತದೆ. ಅದಕ್ಕೆ ಹಿಂದೆ ಬಿಸಿಗೆ ಹತ್ತುವ ಫ್ಯೂಸಿಂಗ್ ಬಟ್ಟೆ ಅಂಟಿಸಿ, ಇಸ್ತ್ರಿ ಒತ್ತಿ, ಆಮೇಲೆ ಕತ್ತರಿಸುತ್ತೇನೆ. ಎಸಳಿನ ಹಾಸು ಎಳೆ ತಳದ ಹಾಸಿನ ದಿಕ್ಕಿಗೇ ಇರಬೇಕು ಎನ್ನುವುದು ನನ್ನ ಹಟ. ಓರೆಯಾಗಿ ಕತ್ತರಿಸಿದ ಬಟ್ಟೆ ಹೊಲಿಯುವಾಗ ಎಳೆದುಕೊಂಡು ಸುತ್ತಲೂ ನೆರಿಗೆ ಕಟ್ಟುತ್ತದೆ. ಬಟ್ಟೆ ಉಳಿಸಲೆಂದು ಹೇಗೆ ಬೇಕೋ ಹಾಗೆ ತಿರುಗಿಸಿ ಕತ್ತರಿಸುವವರನ್ನು ನೋಡಿದರೆ ನನಗೆ ಕೈ ಹಿಡಿದು ನಿಲ್ಲಿಸೋಣ ಅನ್ನಿಸುತ್ತದೆ.

ಇನ್ನು ಅಂಚು. ಅಪ್ಲಿಕ್ಕಿನ ಜೀವ ಇರುವುದು ಇಲ್ಲೇ. ಬಣ್ಣ, ನಕ್ಷೆ, ಬಟ್ಟೆ ಎಲ್ಲ ಸೊಗಸಾಗಿದ್ದು ಅಂಚು ಒರಟಾದರೆ ಅದು ತೇಪೆ ಅನ್ನಿಸಿಕೊಳ್ಳುತ್ತದೆ. ಈ ಕೆಲಸಕ್ಕೆ ಉಷಾ ಸಾಲದು, ಮನೆಯಲ್ಲಿ ಇನ್ನೊಂದು ಜಿಗ್‌ಜಾಗ್ ಮಿಷನ್ ಬೇಕು. ಸೀರೆಗೆ ಫಾಲ್ ಹಾಕಿ ಜಿಗ್‌ಜಾಗ್ ಮಾಡಿಕೊಡುತ್ತೇವೆ ಎನ್ನುವ ಬೋರ್ಡು ಬಸವೇಶ್ವರನಗರದಲ್ಲಿ ಪ್ರತಿ ಅಡ್ಡರಸ್ತೆಗೂ ಒಂದಿದೆ. ಅದೇ ಜಿಗ್‌ಜಾಗಿನ ಹೊಲಿಗೆಯ ಉದ್ದವನ್ನು ಹೆಚ್ಚುಕಡಿಮೆ ಸೊನ್ನೆಗೆ ತಂದರೆ ಎಳೆಗಳು ಒಂದರ ಪಕ್ಕ ಒಂದು ಒತ್ತಿ ಕೂತು ಸ್ಯಾಟಿನ್ ಹೊಲಿಗೆಯಾಗುತ್ತದೆ. ನಾನು ಮೊದಲು ಕಿರಿದಾದ ಬಿಡಿ ಜಿಗ್‌ಜಾಗಿನಲ್ಲಿ ಎಸಳನ್ನು ಹಿಡಿಸಿ, ಅಂಚಿನಾಚೆ ಇಣುಕುವ ಎಳೆಗಳನ್ನು ಸಣ್ಣ ಕತ್ತರಿಯಿಂದ ಬೋಳಿಸುತ್ತೇನೆ. ತಳದ ಕೆಳಗೆ ತೆಳು ಕಾಗದವೊಂದು ಇರಬೇಕು, ಆಮೇಲೆ ಹರಿದು ತೆಗೆಯುವುದು. ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಮೇಲಿನ ನೂಲಿನ ಬಿಗಿಯನ್ನು ಸ್ವಲ್ಪ ಸಡಿಲಿಸಿದರೆ ಬಾಬಿನ್ನಿನ ನೂಲು ಮೇಲೆ ಇಣುಕುವುದಿಲ್ಲ. ಆಮೇಲೆ ಮೂರು ಮಿಲಿಮೀಟರ್ ಅಗಲದ ಸ್ಯಾಟಿನ್. ಸೂಜಿ ಎಡಕ್ಕೆ ಬಂದಾಗ ಎಸಳಿನೊಳಗೆ, ಬಲಕ್ಕೆ ಹೋದಾಗ ಅಂಚು ದಾಟಿ ಕೂದಲೆಳೆಯಷ್ಟು ಆಚೆ, ಹಸಿರು ತಳದಲ್ಲಿ. ಹೊಲಿಗೆಯ ಬಹುಪಾಲು ಎಸಳಿನ ಮೇಲೇ ಇರಬೇಕು.

ಎಸಳಿನ ದುಂಡು ತಿರುವಿನಲ್ಲಿ ನಿಲ್ಲಿಸಿ, ಸೂಜಿಯನ್ನು ಹೊರಗಡೆ, ತಳದಲ್ಲಿ ಇಳಿಸಿ, ಒತ್ತುವ ಕಾಲು ಎತ್ತಿ, ಬಟ್ಟೆಯನ್ನು ಚೂರೇ ಚೂರು ತಿರುಗಿಸಿ ಮುಂದೆ ಹೋಗಬೇಕು. ತುದಿಯ ಸೀಳಿಗೆ ಬಂದಾಗ ಎಲ್ಲ ತಲೆಕೆಳಗು. ಅಲ್ಲಿ ಸೂಜಿ ಒಳಗಡೆ, ಎಸಳಿನಲ್ಲಿ ಇಳಿದಿರಬೇಕು. ಹೊರಮೂಲೆಗೆ ಸೂಜಿ ಹೊರಗೆ, ಒಳಮೂಲೆಗೆ ಸೂಜಿ ಒಳಗೆ. ಇದು ತಪ್ಪಿದರೆ ಹೊಲಿಗೆಗಳ ನಡುವೆ ಬೆಣೆಯಾಕಾರದ ಸಂದು ಬಿಟ್ಟು ಬಟ್ಟೆಯ ಹಸಿ ಅಂಚು ಕಾಣಿಸುತ್ತದೆ. ಅಷ್ಟು ಸಣ್ಣ ಸೀಳಿನೊಳಕ್ಕೆ ಇಳಿದು, ತಿರುಗಿ, ಮತ್ತೆ ಮೇಲೇರಿ ಬರುವಾಗ ನಾನು ಮಿಷನ್ನನ್ನು ತುಳಿಯುವುದೇ ಇಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ, ಒಂದೊಂದು ಹೊಲಿಗೆ. ಫ್ಯಾನ್ ಆಫ್, ರೇಡಿಯೋ ಆಫ್. ಬಾಗಿಲಲ್ಲಿ ಯಾರಾದರೂ ಕರೆದರೆ ಮನೆಯವರೇ ಎದ್ದು ಹೋಗುತ್ತಾರೆ, ನನ್ನನ್ನು ಕೇಳುವುದಿಲ್ಲ. ಸೀಳು ಚೊಕ್ಕಟವಾಗಿ ಕೂತಾಗ ಎಸಳು ಇದ್ದಕ್ಕಿದ್ದಂತೆ ಬಟ್ಟೆಯಾಗಿ ಉಳಿಯುವುದಿಲ್ಲ. ಈ ಒಂದು ಗಳಿಗೆಗಾಗಿಯೇ ನಾನು ಉಳಿದ ಅಷ್ಟೂ ಕೆಲಸ ಮಾಡುತ್ತೇನೆ.

ಕಿತ್ತಳೆ ನಡುವಿಗೆ ನೂಲು ಹುಡುಕುವುದು ಇನ್ನೊಂದು ಖುಷಿ. ವಿಜಯನಗರದ ಮ್ಯಾಚಿಂಗ್ ಸೆಂಟರುಗಳಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ಆದರೂ ಬಣ್ಣದ ವಿಷಯದಲ್ಲಿ ನನಗೆ ಚಿಕ್ಕಪೇಟೆಯೇ ಆಗಬೇಕು. ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಅದು. ಹಿಡಿಯಲ್ಲಿ ಒಂದೆರಡು ಪಾರಿಜಾತ ಹಿಡಿದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಹೂವನ್ನು ನೂಲಿನ ಉಂಡೆಗಳ ಪಕ್ಕ ಒಂದೊಂದಾಗಿ ಇಟ್ಟು ನೋಡಿದ. "ಅಕ್ಕಾ, ಇದು ಒಂದು ಬಣ್ಣ ಅಲ್ಲ. ಕೆಳಗಡೆ ಕೇಸರಿ, ಮೇಲ್ಗಡೆ ಸ್ವಲ್ಪ ಕೆಂಪು. ಎರಡೂ ತಗೊಳ್ಳಿ" ಅಂದ. ಬಿಸಿಲಿಗೆ ಹೊರಗೆ ಬಂದು ನೋಡಿದೆ, ಅವನು ಹೇಳಿದ್ದು ನಿಜ. ಮಿರುಗುವ ರೇಯಾನ್ ನೂಲು ಎರಡೂ ಬಣ್ಣದಲ್ಲಿ ತಂದೆ. ನಡುವನ್ನು ಅಪ್ಲಿಕ್ ಮಾಡದೆ ಉಷಾದಲ್ಲಿ, ಕಾಲು ಬಿಚ್ಚಿ, ಬರಿಗೈಯಲ್ಲೇ ತುಂಬಿದೆ. ಕೇಸರಿಯಿಂದ ಕೆಂಪಿಗೆ ಹೋಗುವ ಕಡೆ ಎರಡೂ ನೂಲಿನ ಹೊಲಿಗೆ ಒಂದರೊಳಗೊಂದು ಹೆಣೆದುಕೊಳ್ಳಬೇಕು, ಗೆರೆ ಎಳೆದಂತೆ ನಿಲ್ಲಬಾರದು.

ಈಗ ಕಂಪ್ಯೂಟರ್ ಎಂಬ್ರಾಯ್ಡರಿ ಬಂದಿದೆ. 1828ರಲ್ಲಿ ಫ್ರಾನ್ಸಿನ ಜೋಸುವೆ ಹೈಲ್‌ಮನ್ ಮಾಡಿದ ಕಸೂತಿ ಯಂತ್ರದ ಮೊಮ್ಮಕ್ಕಳು ಇವತ್ತು ಸಾಲಾಗಿ ಹಲವು ತಲೆಗಳಲ್ಲಿ ಒಂದೇ ಹೂವನ್ನು ಒಟ್ಟಿಗೆ ಹೊಲಿಯುತ್ತವೆ. ಆ ನಿಖರತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನೂರು ಕವರು ಬೇಕಾದವರು ಅಲ್ಲಿಗೇ ಹೋಗಬೇಕು. ನನಗೆ ಬೇಕಾದದ್ದು ಒಂದು. ಅದರಲ್ಲಿ ಒಂದು ಎಸಳು ಇನ್ನೊಂದಕ್ಕಿಂತ ಚೂರು ದಪ್ಪಗಿರುತ್ತದೆ, ಗಿಡದಲ್ಲೂ ಹಾಗೆಯೇ.

ಹಿಂಭಾಗಕ್ಕೆ ಎರಡು ತುಂಡು, ನಾಲ್ಕಿಂಚು ಒಂದರ ಮೇಲೊಂದು ಬರುವ ಹಾಗೆ. ಜಿಪ್ ಹಾಕಿದರೆ ಒರಗಿದಾಗ ಚುಚ್ಚುತ್ತದೆ, ನನಗೆ ಬೇಡ. ಮೂಲೆಗಳನ್ನು ನೇರವಾಗಿ ಹೊಲಿದರೆ ನಾಲ್ಕು ಕಡೆಯೂ ಕಿವಿ ನಿಲ್ಲುತ್ತದೆ. ಮೂಲೆ ಹತ್ತಿರವಾಗುತ್ತಿದ್ದಂತೆ ಹೊಲಿಗೆಯನ್ನು ಮೆಲ್ಲಗೆ ಒಳಕ್ಕೆ ಸರಿಸಿ, ತುದಿಗೆ ಬರುವಾಗ ಅರ್ಧ ಇಂಚು ಒಳಗೆ ತಂದಿರಬೇಕು. ಫೂಲ ಕೂರುವುದು ಅಲ್ಲಿ. ಒಳಗೆ ತುಂಬಲು ಎಲ್ಲರೂ ಫೈಬರ್ ಕೊಡುತ್ತಾರೆ. ಅದು ಹಗುರ, ಒಗೆಯಬಹುದು, ನಿಜ. ನಾನು ಸಿಕ್ಕಾಗಲೆಲ್ಲ ಬೂರುಗದ ಹತ್ತಿಯನ್ನೇ ತುಂಬುತ್ತೇನೆ. ಅದರ ಎಳೆಯೊಳಗೆ ಟೊಳ್ಳು, ಮೈಮೇಲೆ ಮೇಣದ ಜಿಡ್ಡು, ನೀರು ಹತ್ತುವುದಿಲ್ಲ. ಹಿಂದೆ ಹಡಗಿನವರ ಜೀವರಕ್ಷಕ ಜಾಕೆಟ್ಟಿಗೂ ಅದನ್ನೇ ತುಂಬುತ್ತಿದ್ದರು. ಬೆನ್ನಿಗೆ ಒತ್ತಿದರೆ ಬಗ್ಗುತ್ತದೆ, ಎದ್ದ ಮೇಲೆ ಕೈಯಿಂದ ತಟ್ಟಿದರೆ ಮತ್ತೆ ಉಬ್ಬುತ್ತದೆ. ಒಳದಿಂಬು ಕವರಿಗಿಂತ ಒಂದಿಂಚು ದೊಡ್ಡದಿದ್ದರೆ ಎಸಳುಗಳು ಬಿಗಿಯಾಗಿ ಅರಳಿ ನಿಲ್ಲುತ್ತವೆ.

ಪಾರಿಜಾತವನ್ನು ನೋಡಿದ ಅಣ್ಣನ ಮಗಳು ತನಗೆ ಮೆಟ್ರೋ ರೈಲೇ ಬೇಕು ಎಂದು ಕೂತಿದ್ದಾಳೆ. "ಅತ್ತೆ, ನೇರಳೆ ಪಟ್ಟಿ ಇರ್ಬೇಕು, ಕಿಟಕಿಯಲ್ಲಿ ಜನ ಕಾಣಬೇಕು!" ನೇರಳೆಗೆ ಒಂದು ಖಣ ಬೀರುವಿನಲ್ಲಿದೆ. ಕಿಟಕಿಗಳನ್ನು ಮೇಲೆ ಅಂಟಿಸುವ ಬದಲು ರೈಲಿನ ಬಟ್ಟೆಯನ್ನೇ ಚೌಕವಾಗಿ ಕತ್ತರಿಸಿ, ಕೆಳಗಿಟ್ಟ ಹಳದಿ ಬಟ್ಟೆ ಅದರೊಳಗಿಂದ ಕಾಣುವಂತೆ ಮಾಡೋಣ ಅಂದುಕೊಂಡಿದ್ದೇನೆ. ಹಾಗೆ ಮಾಡಿದರೆ ಪ್ರತಿ ಕಿಟಕಿಗೂ ನಾಲ್ಕು ಒಳಮೂಲೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ ಹೋಗುವ ರೈಲು ಅದು, ಕಿಟಕಿಗಳಲ್ಲಿ ಜಿಪುಣತನ ಮಾಡಲಾಗದು. ಬಟರ್ ಪೇಪರಿನಲ್ಲಿ ಮೊದಲ ಬೋಗಿ ಬರೆದಾಗಿದೆ, ಚುಚ್ಚುವುದಕ್ಕೆ ಅವಳನ್ನೂ ಕೂರಿಸಿಕೊಂಡಿದ್ದೇನೆ.