ಪಾಲಸಿಗಿಂತ ಮೊದ್ಲ ಗಿರಣಿ ಪಟ್ಟಾ

ಹೋದ ಸಲ ಶೇಂಗಾ ಹೋಳಗಿ ಬಗ್ಗೆ ಬರದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಸ್ವಲ್ಪ ಹೊರಗ ಹೋಗೂಣು.

ನನ್ನ ತಂಗಿ ಮಗಳು ವಿಮಾ ಏಜೆನ್ಸಿ ತಗೊಂಡಾಳ. ಮೊನ್ನೆ ಬಂದಾಕಿ, "ದೊಡ್ಡವ್ವ, ನನ್ನ ನೋಡಿದ್ರ ಮಂದಿ ರಸ್ತೆ ದಾಟಿ ಆಚಿಗೆ ಹೋಗ್ತಾರ. ದೊಡ್ಡಪ್ಪ ಇಷ್ಟು ಗಿರಾಕಿ ಹೆಂಗ ಕೂಡಿಸಿದ್ರು?" ಅಂತ ಕೇಳಿದ್ಲು. ನಮ್ಮನಿಯವ್ರು ಹುಬ್ಬಳ್ಳ್ಯಾಗ ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡ್ತಾರ. ಮದ್ವಿ ಮನ್ಯಾಗ ಇವ್ರು ಬಂದು ಕುಂತ್ರ ಬಾಜೂ ಕುರ್ಚಿಯವ್ರು ಎದ್ದು ಊಟಕ್ಕ ಹೋಗೋದನ್ನ ನಾನೂ ನೋಡೇನಿ. ಆಕಿಗೆ ಹೇಳಿದ್ದನ್ನ ನಿಮಗೂ ಹೇಳ್ತೇನಿ. ಯಾಕಂದ್ರ ನಿಮ್ಮೊಳಗ ರೊಟ್ಟಿ ಮಾಡ್ಸಿ ಮಾರವ್ರು, ಹೊಲಿಗಿ ಮಷಿನ್ ಇಟ್ಟವ್ರು, ಇನ್ನೊಬ್ರ ಕಡೆ ಕೆಲಸಕ್ಕ ಹೋಗವ್ರು ಎಲ್ಲಾರೂ ಇದ್ದೀರಿ.

ಮೊದ್ಲ ಒಂದು ತಪ್ಪಿನ ಕಥಿ. ತಪ್ಪು ಇವ್ರದಷ್ಟ ಅಲ್ಲ, ನಂದೂ ಐತಿ.

2011ರಾಗ ಇವ್ರು ಒಂದು ಖಾರಾ ಕುಟ್ಟೋ ಗಿರಣಿಗೆ ಬೆಂಕಿ ವಿಮಾ ಮಾಡಿಸಿಕೊಟ್ಟಿದ್ರು. ನಾಲ್ಕೈದು ಸಲ ಅಲ್ಲಿಗೆ ಹೋಗಿ ಬಂದಿದ್ರು. ಮೋಟಾರಿನಿಂದ ಮಷಿನ್ನಿಗೆ ಹೋಗೋ ಪಟ್ಟಾಕ್ಕ ಜಾಳಿಗಿ ಇರಲಿಲ್ಲ, ಬಯಲಿಗೇ ತಿರುಗತಿತ್ತು. ಇವ್ರ ಕಣ್ಣಿಗೆ ಬಿದ್ದಿತ್ತು. ಆದ್ರ, ನಾ ಪಾಲಸಿ ಮಾಡ್ಸಾಕ ಬಂದಾಂವ, ಆ ಉಸಾಬರಿ ನನಗ್ಯಾಕ ಅಂತ ಸುಮ್ನಾದ್ರು. ಒಂದು ದಿನ ಅಲ್ಲಿ ದುಡೀತಿದ್ದ ಹೆಣ್ಮಗಳ ಸೆರಗು ಪಟ್ಟಾಕ್ಕ ಸಿಕ್ತು. ಬಿಡಿಸ್ಕೊಳ್ಳಾಕ ಹೋಗಿ ಬಲಗೈ ಹೆಬ್ಬೆರಳು ಹೋತು.

ಮಾಲಕರು ಇವ್ರಿಗೆ ಫೋನ್ ಮಾಡಿ, "ಪಾಲಸಿ ಮಾಡಿಸೀರಲ್ಲ, ರೊಕ್ಕ ಕೊಡಸ್ರಿ" ಅಂದ್ರು. ಬೆಂಕಿ ಪಾಲಸಿ ಮಾಲಿಗೆ, ಮಷಿನ್ನಿಗೆ, ಗೋಡಿಗೆ. ದುಡಿಯೋರ ಕೈಗೆ ಅಲ್ಲ. ಆಮ್ಯಾಲ ಅವ್ರು ಆಕಿ ಕೈಯಾಗ ಸ್ವಲ್ಪ ರೊಕ್ಕ ಇಟ್ಟು ಮನಿಗೆ ಕಳಿಸಿದ್ರು. ಹೆಬ್ಬೆರಳು ಹೋದ್ರ ದುಡಿಯೋ ಶಕ್ತಿ 30% ಹೋದಂಗ ಅಂತ ಕಾನೂನಿನ್ಯಾಗ ಲೆಕ್ಕ ಐತಿ, ಅದಕ್ಕ ತಕ್ಕ ಪರಿಹಾರ ಮಾಲಕರ ಕೊಡ್ಬೇಕು. ಇವ್ರಿಗೆ ಅದು ಗೊತ್ತಿತ್ತು. "ಆಕಿಗೆ ಹೇಳಿ ಬರ್ತೇನಿ" ಅಂದ್ರು. ನಾನು, "ಸುಮ್ನಿರ್ರಿ, ಇದ್ದ ಗಿರಾಕಿನೂ ಹೋಗ್ತಾರ. ಮಗಳ ಫೀ ತುಂಬೋದೈತಿ" ಅಂದೆ.

ಎರಡು ತಿಂಗಳಾದ ಮ್ಯಾಲ ಆ ಹೆಣ್ಮಗಳೇ ನಮ್ಮನಿ ಹುಡಿಕ್ಕೊಂಡು ಬಂದ್ಲು. ಚಾ ಕೊಟ್ಟೆ. ಎಡಗೈಲೆ ಕಪ್ಪು ಹಿಡಕೊಂಡು, "ಅಕ್ಕಾರ, ನನಗ ಏನರ ಬರ್ತೈತೇನ್ರಿ?" ಅಂದ್ಲು. ಅವತ್ತು ರಾತ್ರಿ ನನಗ ಊಟ ಸೇರಲಿಲ್ಲ. ಇವ್ರಿಗೆ ನಾನ ಹೇಳಿದೆ, ನಾಳೆ ಕರ್ಕೊಂಡು ಹೋಗ್ರಿ ಅಂತ. ಕಾರ್ಮಿಕ ಇಲಾಖೆ ಆಫೀಸಿನ್ಯಾಗ ಅರ್ಜಿ ಬರಸಿ ಕೊಟ್ರು. ಓಡಾಡಿ ಓಡಾಡಿ ಕಡೀಕ ಆಕಿಗೆ ಪರಿಹಾರ ಸಿಕ್ತು. ಗಿರಣಿ ಗಿರಾಕಿ ಹೋದ್ರು. ಆದ್ರ ಆ ಎರಡು ತಿಂಗಳು ಬಾಯಿ ಮುಚ್ಚಿಸಿದಾಕಿ ನಾನು ಅನ್ನೋದು ಇನ್ನೂ ಹೋಗಿಲ್ಲ.

ಆವಾಗಿಂದ ಇವ್ರ ಪದ್ಧತಿನ ಬದಲಾತು. ಎಲ್ಲಿಗೆ ಹೋದ್ರೂ ಮೊದ್ಲ ಜಾಗಾ ನೋಡೋದು, ಪಾಲಸಿ ಮಾತು ಆಮ್ಯಾಲ.

2022ರಾಗ ಒಂದು ಖಟಿ ರೊಟ್ಟಿ ಕೇಂದ್ರಕ್ಕ ಹೊಂಟಾಗ ನಾನೂ ಜೋಡಿ ಹೋಗಿದ್ದೆ, ರೊಟ್ಟಿ ತರೋದಿತ್ತು. ಎಂಟು ಮಂದಿ ಹೆಣ್ಮಕ್ಕಳು, ನಡುವ ಒಂದು ಹಿಟ್ಟಿನ ಗಿರಣಿ. ಇವ್ರು ಬೆಂಕಿ ಆರಿಸೋ ಸಿಲಿಂಡರ್ ನೋಡಿದ್ರು, ಮುಳ್ಳು ಹಸಿರಿನ್ಯಾಗ ಇರೋದು ಬಿಟ್ಟು ಕೆಂಪಿನ್ಯಾಗ ಇತ್ತು. ಗ್ಯಾಸಿನ ರಬ್ಬರ್ ನಳಿಗಿ ಸೀಳಿತ್ತು. ನಾನು ನೋಡಿದ್ದು ಬ್ಯಾರೆ. ಗಿರಣಿಗೆ ಜ್ವಾಳ ಹಾಕಾಕಿ ಸೆರಗು ಸಿಗಸಿರಲಿಲ್ಲ, ಜಡಿ ಇಳಿಬಿಟ್ಟಿದ್ಲು. ಬಂದ್ ಮಾಡೋ ಬಟನ್ನು ಹಿಟ್ಟಿನ ಚೀಲದ ಹಿಂದಿತ್ತು. "ಅಕ್ಕಾರ, ಒಳಗ ಕೈ ಸಿಕ್ರ ಇದನ್ನ ಆರಸೋರು ಯಾರ್ರಿ?" ಅಂದೆ. ಮಾಲಕಿ ಏನೂ ಮಾತಾಡಲಿಲ್ಲ, ತಾವ ಎದ್ದು ಚೀಲ ಸರಿಸಿದ್ರು.

ಆಮ್ಯಾಲ ಇವ್ರು ಕುಂತು ಲೆಕ್ಕ ಹೇಳಿದ್ರು. ಹತ್ತು ಮಂದಿ ಇದ್ರ ಇಎಸ್‌ಐ ಬರ್ತೈತಿ, ಅದೂ ಪಗಾರ 21,000ದೊಳಗ ಇದ್ದವ್ರಿಗೆ. ಇಲ್ಲಿ ಎಂಟ ಮಂದಿ, ಅದು ಇಲ್ಲ. ಹಂಗಾದ್ರ ಅನಾಹುತ ಆದ್ರ ಭಾರ ಯಾರ ಮ್ಯಾಲ? ಆವಾಗ ಜಾರಿಯೊಳಗಿದ್ದ 1923ರ ಪರಿಹಾರ ಕಾಯ್ದೆ ಪ್ರಕಾರ ಮಾಲಕಿ ಮ್ಯಾಲ. 40 ವರ್ಷದಾಕಿ, ತಿಂಗಳಿಗೆ 10,000 ಪಗಾರ, ಕೆಲಸದಾಗ ಜೀವಾನ ಹೋತು ಅನ್ರಿ. ಪಗಾರದ ಅರ್ಧ 5,000, ಆ ವಯಸ್ಸಿಗೆ ಕಾಯ್ದೆ ಇಟ್ಟ ಅಂಕಿ 184.17. ಗುಣಿಸಿದ್ರ 9,20,850 ರೂಪಾಯಿ. ಮಾಲಕಿ ಲಟ್ಟಣಿಗಿ ಕೆಳಗಿಟ್ರು.

ಈ ಭಾರ ಹೊರೋದಕ್ಕ ನೌಕರರ ಪರಿಹಾರ ಪಾಲಸಿ ಅಂತ ಬರ್ತೈತಿ. ಪಾಲಸಿ ಇದ್ದ ಮ್ಯಾಲ ಪಟ್ಟಾ ಬಯಲಿಗಿದ್ರೂ ನಡೀತೈತಿ ಅನ್ಕೋಬ್ಯಾಡ್ರಿ. ಮಾಲಕರು ತಕ್ಕ ಕಾಳಜಿ ತಗೋಬೇಕು, ಕಾನೂನು ಪಾಲಸ್ಬೇಕು ಅಂತ ಪಾಲಸಿ ಕಾಗದದಾಗ ಬರದಿರ್ತೈತಿ. ಎಂಟು ಮಂದಿ ಇದ್ದಲ್ಲಿ ಐದ ಅಂತ ಬರಸಿದ್ರ, ಪಗಾರ ಕಡಿಮಿ ತೋರಿಸಿದ್ರ, ಕ್ಲೇಮಿನ ಹೊತ್ತಿನ್ಯಾಗ ತಾಪತ್ರಯ. ಆಸ್ಪತ್ರಿ ಖರ್ಚಿನ ಕವರ್ ಸೇರಿದೆಯೋ ಇಲ್ಲೋ ಬಿಡಿಸಿ ಕೇಳ್ಬೇಕು, ಇಲ್ಲಂದ್ರ ಸೇರಿಸ್ಕೋಬೇಕು. ಇದನ್ನೆಲ್ಲಾ ಇವ್ರು ಮೊದ್ಲ ಹೇಳಿಬಿಟ್ರು.

ಮಾಲಕಿ, "ಇನ್ನೊಬ್ಬ ಏಜೆಂಟ್ ಕಮಿಷನ್ನಿನ್ಯಾಗ ಅರ್ಧ ವಾಪಸ್ ಕೊಡ್ತೇನಿ ಅಂದಾನ್ರಿ" ಅಂದ್ರು. ಇವ್ರು, "1938ರ ವಿಮಾ ಕಾಯ್ದೆ 41ನೇ ಕಲಮಿನ ಪ್ರಕಾರ ಹಂಗ ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ನಾ ಕೊಡಂಗಿಲ್ರಿ. ಯಾರ ಕಡೆ ಮಾಡ್ಸಿದ್ರೂ ಮಾಡಸ್ರಿ, ಆದ್ರ ಮೊದ್ಲ ಪಟ್ಟಾಕ್ಕ ಜಾಳಿಗಿ ಹಾಕಸ್ರಿ" ಅಂತ ಎದ್ದು ಬಂದ್ರು.

ಹದಿನೈದು ದಿನಕ್ಕ ಫೋನ್ ಬಂತು. "ಜಾಳಿಗಿ ಹಾಕಿಸೇನಿ, ಬಟನ್ ಮುಂದ ತಂದೇನಿ. ಬಂದು ನೋಡ್ರಿ, ಫಾರ್ಮೂ ತಗೊಂಡು ಬರ್ರಿ." ಆಮ್ಯಾಲ ಅವ್ರ ಹಪ್ಪಳ ಮಾಡ್ಸೋ ತಮ್ಮ ಒಬ್ಬವ್ರನ್ನ, ಬೇಕರಿಯ ಬೀಗರನ್ನ ತಾವಾಗಿ ಕಳಿಸಿದ್ರು. ಇವ್ರು ಯಾರ ಮನಿ ಬಾಗಿಲಾನೂ ಬಡೀಲಿಲ್ಲ.

ತಂಗಿ ಮಗಳಿಗೆ ನಾ ಹೇಳಿದ್ದಿಷ್ಟ. ಇನ್‌ಸ್ಪೆಕ್ಟರ್ ಬರ್ತಾರ, ದಂಡ ಹಾಕ್ತಾರ ಅಂತ ಹೆದರಸಬ್ಯಾಡ. ನೀ ಇನ್‌ಸ್ಪೆಕ್ಟರೂ ಅಲ್ಲ, ವಕೀಲಳೂ ಅಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು, ಕೇಳಿ ಬಂದು ಹೇಳು. ಕಣ್ಣಿಗೆ ಬಿದ್ದದ್ದನ್ನ ಮಾತ್ರ ನುಂಗಬ್ಯಾಡ, ಗಿರಾಕಿ ಹೋದ್ರೂ ಹೋಗ್ಲಿ. ಮನ್ಯಾಗ ನಿನ್ನ ಗಂಡ ಸುಮ್ನಿರು ಅಂದ್ರ ನನ್ನ ಹೆಸರು ಹೇಳು.

ನೀವೂ ಅಷ್ಟ. ಬೀಸ್ಕೊಂಡ್ ಬರಾಕ ಗಿರಣಿಗೆ ಹೋದಾಗ ಡಬ್ಬಿ ಇಟ್ಟು ಒಂದೀಟು ಪಟ್ಟಾ ಕಡೆ ನೋಡ್ರಿ. ಜಾಳಿಗಿ ಇಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ. ಅಲ್ಲಿ ದುಡಿಯೋ ಹೆಣ್ಮಗಳಿಗೆ ಸೆರಗು ಸಿಗಸು ತಂಗಿ ಅನ್ರಿ. ಅದಕ್ಕೇನ ರೊಕ್ಕ ಬೀಳಂಗಿಲ್ಲ.

ಬರ್ತೇನಿ, ಒಲಿ ಮ್ಯಾಲ ಬ್ಯಾಳಿ ಇಟ್ಟೇನಿ.